ಎದುರಿನವರ ಕಡೆಗೆ ತಿರುಗಿದ ಪರದೆ

ಮನೆಯಲ್ಲಿ ಕುಳಿತೇ ಬೆಂಗಳೂರು, ಮುಂಬಯಿ, ದುಬೈಯ ಕಂಪೆನಿಗಳಿಗೆ ಕೆಲಸ ಮಾಡುವವರು ಈಗ ಕರಾವಳಿಯ ಪಡುಬಿದ್ರಿಯಂಥ ಊರಿನಲ್ಲೂ ಇದ್ದಾರೆ. ಟ್ಯೂಷನ್ ಕೊಡುವವರು, ಅಂಗಡಿಗಳ ಲೆಕ್ಕ ಬರೆದುಕೊಡುವವರು, ಮದುವೆ ವೀಡಿಯೊ ಎಡಿಟ್ ಮಾಡುವವರೂ ಇದ್ದಾರೆ. ಇವರಿಗೆಲ್ಲ ಒಂದಲ್ಲ ಒಂದು ದಿನ ಹುಟ್ಟುವ ಪ್ರಶ್ನೆಯೊಂದಿದೆ. ಕಂಪ್ಯೂಟರ್ ಕೋಣೆಯ ಈ ಮೂಲೆಯಲ್ಲಿದೆ. ಎರಡನೇ ಮಾನಿಟರೋ ಟಿವಿಯೋ ಎದುರಿನ ಗೋಡೆಯಲ್ಲಿದೆ. ನಡುವೆ ತಂತಿ ಎಳೆಯದೆ ಚಿತ್ರವನ್ನು ಅಲ್ಲಿಗೆ ದಾಟಿಸಬಹುದೇ?

ದಾಟಿಸಬಹುದು. ಅದಕ್ಕೆ ಬೇಕಾದ ಸಾಮಾನು ಅಂಗಡಿಯಲ್ಲಿ ಸಿಗುತ್ತದೆ, ಎಷ್ಟೋ ಮನೆಗಳಲ್ಲಿ ಆಗಲೇ ಇರುತ್ತದೆ ಕೂಡ. ಆದರೆ ದುಡ್ಡು ಬಿಚ್ಚುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ಆ ಪರದೆಯನ್ನು ನೋಡುವವರು ಯಾರು? ನಾವೇ ನೋಡುತ್ತ ಕೈಯಾಡಿಸುವುದಾದರೆ ಒಂದು ದಾರಿ, ಎದುರಿಗೆ ಕುಳಿತವರು ನೋಡುವುದಾದರೆ ಇನ್ನೊಂದು ದಾರಿ. ತಂತಿ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಈ ಪ್ರಶ್ನೆಯೇ. ಸ್ವಲ್ಪ ಯೋಚಿಸಿದರೆ, ಎರಡನೇ ಪರದೆ ಎಂಬುದು ಯಾಕೆ ಇರಬೇಕು ಎಂಬುದಕ್ಕೂ ಇದರಲ್ಲೇ ಉತ್ತರ ಸಿಗುತ್ತದೆ.

ಮೊದಲು ಚಿತ್ರದ ಭಾರವನ್ನು ಲೆಕ್ಕ ಹಾಕೋಣ. ಇಂದಿನ ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ. ಒಟ್ಟು 20 ಲಕ್ಷದ 73 ಸಾವಿರದ 600 ಚುಕ್ಕಿಗಳು. ಪ್ರತಿ ಚುಕ್ಕಿಯ ಬಣ್ಣ ಹೇಳುವುದಕ್ಕೆ 24 ಬಿಟ್ ಬೇಕು. ಸೆಕೆಂಡಿಗೆ 60 ಸಲ ಚಿತ್ರ ಹೊಸದಾಗಬೇಕು. ಗುಣಿಸಿದರೆ ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್. ಎಚ್‌ಡಿಎಂಐ ತಂತಿ ಇಷ್ಟನ್ನೂ ಏನೂ ಬಿಡದೆ, ಇದ್ದ ಹಾಗೆಯೇ ಒಯ್ಯುತ್ತದೆ. 2002ರಲ್ಲಿ ಬಂದ ಅದರ ಮೊದಲ ಆವೃತ್ತಿಗೇ ಈ ಶಕ್ತಿ ಇತ್ತು. ಮನೆಯ ಸಾಮಾನ್ಯ ವೈಫೈಗೆ ಇಷ್ಟು ಭಾರ ಹೊರಲು ಆಗುವುದಿಲ್ಲ.

ಹಾಗಾದರೆ ತಂತಿಯಿಲ್ಲದೆ ಚಿತ್ರ ಹೋಗುವುದು ಹೇಗೆ? ನಮ್ಮ ಹಿರಿಯರು ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಮುಡಿ ಕಟ್ಟುತ್ತಿದ್ದ ಹಾಗೆ ಕಂಪ್ಯೂಟರ್ ಚಿತ್ರವನ್ನು ಬಿಗಿದು ಚಿಕ್ಕದು ಮಾಡುತ್ತದೆ. ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಎಲ್ಲಿ ವ್ಯತ್ಯಾಸವಿದೆಯೋ ಅಷ್ಟನ್ನು ಮಾತ್ರ ಹೇಳುತ್ತದೆ, ಕಣ್ಣಿಗೆ ಗೊತ್ತಾಗದ ಸೂಕ್ಷ್ಮಗಳನ್ನು ಬಿಟ್ಟುಬಿಡುತ್ತದೆ. ನೂರು ಪಾಲಿನ ಭಾರ ಹೀಗೆ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಆದರೆ ಮುಡಿ ಕಟ್ಟುವುದಕ್ಕೂ ಹೊತ್ತು ಬೇಕು, ಬಿಚ್ಚುವುದಕ್ಕೂ ಹೊತ್ತು ಬೇಕು. ಈ ಕಡೆ ಕಟ್ಟಿ, ಗಾಳಿಯಲ್ಲಿ ದಾಟಿಸಿ, ಆ ಕಡೆ ಬಿಚ್ಚಿ ತೋರಿಸುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಪಾಲು ಕಳೆದಿರುತ್ತದೆ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು.

ಹತ್ತನೇ ಒಂದು ಪಾಲು ದೊಡ್ಡದೇ? ಸಿನಿಮಾ ನೋಡುವವರಿಗೆ ಏನೂ ಅಲ್ಲ, ಏಕೆಂದರೆ ಚಿತ್ರವೂ ಧ್ವನಿಯೂ ಒಟ್ಟಿಗೇ ತಡವಾಗಿ ಬರುತ್ತವೆ. ಮೌಸ್ ಹಿಡಿದವರಿಗೆ ಅದು ತುಂಬ ದೊಡ್ಡದು. ಕೈ ಮುಂದೆ ಹೋಗಿರುತ್ತದೆ, ಬಾಣದ ಗುರುತು ಹಿಂದೆ ಉಳಿದಿರುತ್ತದೆ. ಅಕ್ಷರ ಒತ್ತಿದ ಮೇಲೆ ಪರದೆಯಲ್ಲಿ ಮೂಡಲು ಕಾಯಬೇಕು. ಸಾಲದ್ದಕ್ಕೆ ಚಿಕ್ಕ ಅಕ್ಷರಗಳ ಅಂಚು ಮಸುಕಾಗುತ್ತದೆ. ಕನ್ನಡದ ಒತ್ತಕ್ಷರಗಳಿಗಂತೂ ಇದು ಇನ್ನೂ ಕಷ್ಟ. ದಿನವಿಡೀ ಎಕ್ಸೆಲ್ ಶೀಟಿನ ಎದುರು ಕೂರುವವರ ಕಣ್ಣು ಸಂಜೆಯ ಹೊತ್ತಿಗೆ ಸೋತುಹೋಗುತ್ತದೆ.

ಈ ಭಾರವನ್ನು ಹಳೆಯ ಕಾಲದ ಸಂದೇಶಗಳ ಜೊತೆ ಹೋಲಿಸಿ ನೋಡೋಣ. ಪಡುಬಿದ್ರಿಯಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಉಚ್ಚಿಲ ದಾಟಿ ಕಾಪು ಸಿಗುತ್ತದೆ. ಅಲ್ಲಿನ ಬಂಡೆಯ ಮೇಲಿನ ದೀಪಸ್ತಂಭ 1901ರದ್ದು. ತಂತಿಯಿಲ್ಲದೆ ದೂರಕ್ಕೆ ಸುದ್ದಿ ಕಳಿಸುವುದನ್ನು ನಮ್ಮ ಕರಾವಳಿ ಅಂದಿನಿಂದಲೇ ಕಂಡಿದೆ. ಆ ದೀಪ ಹೇಳುವುದು ಒಂದೇ ಮಾತು: ಇಲ್ಲಿ ದಡ ಇದೆ, ಬಂಡೆ ಇದೆ, ಎಚ್ಚರ. ಅದೇ 1901ರ ಡಿಸೆಂಬರ್ 12ರಂದು ಮಾರ್ಕೋನಿ ಅಟ್ಲಾಂಟಿಕ್ ಸಾಗರದ ಆಚೆಯಿಂದ ರೇಡಿಯೊ ಅಲೆಯಲ್ಲಿ ಬಂದ ಒಂದೇ ಒಂದು ಅಕ್ಷರವನ್ನು ಕೇಳಿಸಿಕೊಂಡರು. ಅದು ಇಂಗ್ಲಿಷಿನ 'ಎಸ್'. ಸಾಗರ ದಾಟಿದ ಸಂದೇಶ ಅಷ್ಟು ಹಗುರವಾಗಿತ್ತು. ಇವತ್ತು ನಾವು ಕೋಣೆ ದಾಟಿಸಲು ಹೊರಟಿರುವುದು ಸೆಕೆಂಡಿಗೆ 300 ಕೋಟಿ ಬಿಟ್‌ನ ಹೊರೆ. ದೂರ ಕಡಿಮೆ ಎಂದ ಮಾತ್ರಕ್ಕೆ ಕೆಲಸ ಹಗುರ ಎಂದುಕೊಳ್ಳಬಾರದು.

ಮಾರ್ಕೋನಿಗೂ ಮೊದಲೇ, 1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಸಾರ್ವಜನಿಕರ ಎದುರು ತಂತಿಯಿಲ್ಲದೆ ದೂರದ ಗಂಟೆಯನ್ನು ಬಾರಿಸಿ, ಮದ್ದಿನ ಪುಡಿಗೆ ಬೆಂಕಿ ತಾಗಿಸಿ ತೋರಿಸಿದ್ದರು. ಅವರು ತಮ್ಮ ಪ್ರಯೋಗಗಳಲ್ಲಿ 5 ಮಿಲಿಮೀಟರಿನಷ್ಟು ಚಿಕ್ಕ ಅಲೆಗಳನ್ನೂ ಹುಟ್ಟಿಸಿ ಅಳೆದವರು. ಇಂದಿನ ಭಾಷೆಯಲ್ಲಿ ಅದು 60 ಗಿಗಾಹರ್ಟ್ಸ್. ಚಿತ್ರವನ್ನು ಬಿಗಿಯದೆ, ಇದ್ದಂತೆಯೇ ತಂತಿಯಿಲ್ಲದೆ ಕಳಿಸಬೇಕೆಂದು ಈ ಶತಮಾನದ ಎಂಜಿನಿಯರರು ಹೊರಟಾಗ ಅವರು ಹೋಗಿ ನಿಂತದ್ದು ಇದೇ 60 ಗಿಗಾಹರ್ಟ್ಸ್ ಪಟ್ಟಿಯಲ್ಲಿ. 2008ರಲ್ಲಿ ಬಂದ ವೈರ್‌ಲೆಸ್ ಎಚ್‌ಡಿ, ಆಮೇಲೆ ಬಂದ ವೈಗಿಗ್ ಎರಡೂ ಅಲ್ಲಿಯವೇ. ಈ ಅಲೆ ತುಂಬ ಹೊರುತ್ತದೆ, ತಡವನ್ನೂ ಮಾಡುವುದಿಲ್ಲ. ಆದರೆ ಅದಕ್ಕೆ ಎದುರಿಗೆ ಬಯಲು ಬೇಕು. ನಡುವೆ ಒಬ್ಬರು ನಿಂತರೂ ತೊಡಕು, ಗೋಡೆಯಂತೂ ಆಗಲೇ ಆಗದು. ಈ ಜಾತಿಯ ಸಾಮಾನು ನಮ್ಮ ಪೇಟೆಗಳಲ್ಲಿ ಅಪರೂಪ.

ಸಾಮಾನ್ಯರಿಗೆ ಸಿಗುವುದು ಮಿರಾಕಾಸ್ಟ್ ಎಂಬ ವ್ಯವಸ್ಥೆ. ವೈಫೈ ಅಲಯನ್ಸ್ ಇದನ್ನು ಹೊರತಂದದ್ದು 2012ರಲ್ಲಿ. ಮರುವರ್ಷ ವಿಂಡೋಸ್ 8.1ರ ಒಳಗೇ ಅದು ಸೇರಿಕೊಂಡಿತು. ಇದಕ್ಕೆ ಮನೆಯ ರೂಟರ್ ಬೇಕಿಲ್ಲ, ಕಂಪ್ಯೂಟರೂ ಟಿವಿಯೂ ನೇರವಾಗಿ ಮಾತಾಡಿಕೊಳ್ಳುತ್ತವೆ. ಮಳೆಗಾಲದಲ್ಲಿ ಮರ ಬಿದ್ದು ಇಂಟರ್‌ನೆಟ್ ಹೋದರೂ ಇದು ನಡೆಯುತ್ತದೆ. ಕೀಲಿಮಣೆಯಲ್ಲಿ ವಿಂಡೋಸ್ ಗುಂಡಿಯ ಜೊತೆ 'ಕೆ' ಒತ್ತಿದರೆ ಹತ್ತಿರದ ಪರದೆಗಳ ಪಟ್ಟಿ ಬರುತ್ತದೆ. ಟಿವಿಯಲ್ಲಿ ಸ್ಕ್ರೀನ್ ಮಿರರಿಂಗ್ ತೆರೆದಿಟ್ಟು, ಪಟ್ಟಿಯಲ್ಲಿ ಅದರ ಹೆಸರನ್ನು ಒತ್ತಿದರೆ ಆಯಿತು. ಹಳೆಯ ಮಾನಿಟರ್ ಆದರೆ ಅದರ ಎಚ್‌ಡಿಎಂಐ ಕಂಡಿಗೆ ಒಂದು ಮಿರಾಕಾಸ್ಟ್ ಡಾಂಗಲ್ ಸಿಕ್ಕಿಸಬೇಕು. ಒಂದನ್ನು ಮಾತ್ರ ಮರೆಯಬಾರದು: ಲ್ಯಾಪ್‌ಟಾಪಿನಲ್ಲಿ ವೈಫೈ ಇದ್ದೇ ಇರುತ್ತದೆ, ಮೇಜಿನ ಮೇಲಿನ ಪಿಸಿಯಲ್ಲಿ ಎಷ್ಟೋ ಸಲ ಇರುವುದಿಲ್ಲ. ಅದಕ್ಕೆ ಮಿರಾಕಾಸ್ಟ್ ಒಪ್ಪುವ ವೈಫೈ ಕಾರ್ಡನ್ನೋ ಯುಎಸ್‌ಬಿ ವೈಫೈಯನ್ನೋ ಮೊದಲು ಹಾಕಿಸಬೇಕು.

ನಮ್ಮ ಕಡೆಯ ಹಳೆಯ ಮನೆಗಳ ಗೋಡೆ ಮುರಕಲ್ಲಿನದು. ದಪ್ಪ ಗೋಡೆ, ಮಳೆಗಾಲದಲ್ಲಿ ತೇವ ಕುಡಿದ ಗೋಡೆ. ನೀರು ರೇಡಿಯೊ ಅಲೆಯನ್ನು ಹೀರುತ್ತದೆ. ಆದ್ದರಿಂದ ಒಂದೇ ಚಾವಡಿಯೊಳಗೆ ಚೆನ್ನಾಗಿ ಬರುವ ಚಿತ್ರ ಪಕ್ಕದ ಕೋಣೆಗೆ ಹೋದಾಗ ತಡವರಿಸಬಹುದು. ವೈಫೈಯ 2.4 ಗಿಗಾಹರ್ಟ್ಸ್ ಪಟ್ಟಿ ಗೋಡೆಯನ್ನು ಸ್ವಲ್ಪ ಹೆಚ್ಚು ದಾಟುತ್ತದೆ. ಆದರೆ ಬ್ಲೂಟೂತ್, ತಂತಿಯಿಲ್ಲದ ಮೌಸ್, ಅಡುಗೆಮನೆಯ ಮೈಕ್ರೊವೇವ್, ನೆರೆಮನೆಯ ರೂಟರ್ ಎಲ್ಲವೂ ಅಲ್ಲೇ ನೂಕುನುಗ್ಗಲು ಮಾಡುತ್ತಿರುತ್ತವೆ. ಕೋಣೆಯೊಳಗಿನ ಚಿತ್ರಕ್ಕೆ 5 ಗಿಗಾಹರ್ಟ್ಸ್ ಪಟ್ಟಿಯೇ ಒಳ್ಳೆಯದು.

ಈ ಪಟ್ಟಿಗಳು ನಮ್ಮ ಕೈಗೆ ಸಿಕ್ಕ ಕತೆಯನ್ನೂ ನೆನೆಯಬೇಕು. 1933ರ ವೈರ್‌ಲೆಸ್ ಕಾಯಿದೆಯ ಪ್ರಕಾರ ರೇಡಿಯೊ ಕೇಳುವ ಪೆಟ್ಟಿಗೆಯನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕಿತ್ತು. ವರ್ಷವರ್ಷವೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿದ ರೇಡಿಯೊ ಲೈಸೆನ್ಸ್ ಪುಸ್ತಕ ಹಿರಿಯರಿಗೆ ನೆನಪಿರಬಹುದು. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸಿನ ಹಂಗಿಲ್ಲದೆ ಎಲ್ಲರೂ ಬಳಸಬಹುದೆಂದು ಕೇಂದ್ರ ಸರಕಾರ 2005ರಲ್ಲಿ ಆದೇಶ ಹೊರಡಿಸಿತು. 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ದೊಡ್ಡ ಭಾಗ ಹಾಗೇ ಮುಕ್ತವಾಯಿತು. ಇಂದು ನಾವು ಯಾರ ಅಪ್ಪಣೆಯನ್ನೂ ಕೇಳದೆ ಕೋಣೆಯ ಆಚೆಗೆ ಚಿತ್ರ ಕಳಿಸುತ್ತೇವೆ ಎಂದರೆ ಅದರ ಹಿಂದೆ ಈ ತೀರ್ಮಾನಗಳಿವೆ. ಆಕಾಶದ ಒಂದು ಪಾಲನ್ನು ಎಲ್ಲರಿಗೂ ಬಿಟ್ಟುಕೊಟ್ಟ ಆ ನಿರ್ಧಾರವನ್ನು ನಾನು ನಿಜಕ್ಕೂ ದೊಡ್ಡದೆಂದು ಎಣಿಸುತ್ತೇನೆ.

ಇನ್ನು ದಾರಿಯ ಮಾತು. ಎರಡನೇ ಮಾನಿಟರಿನಲ್ಲಿ ಕೆಲಸ ಮಾಡುವವರು ನೀವೇ ಆದರೆ ತಂತಿ ಎಳೆಸಿ. ಹತ್ತು ಮೀಟರಿನೊಳಗೆ ಒಳ್ಳೆಯ ಎಚ್‌ಡಿಎಂಐ ತಂತಿ ಸಾಕು. ಅದಕ್ಕೂ ದೂರವಾದರೆ ಆಪ್ಟಿಕಲ್ ಎಚ್‌ಡಿಎಂಐ ಸಿಗುತ್ತದೆ, ಇಲ್ಲವೇ ಎರಡೂ ತುದಿಗೆ ಎಕ್ಸ್‌ಟೆಂಡರ್ ಪೆಟ್ಟಿಗೆಯಿಟ್ಟು ನಡುವೆ ಕ್ಯಾಟ್ 6 ತಂತಿ ಹಾಕಬಹುದು. ಗೋಡೆಯ ಅಂಚಿನಲ್ಲಿ ಪಟ್ಟಿ ಕೇಸಿಂಗ್ ಹೊಡೆದು ಒಳಗೆ ತಂತಿ ಕೂರಿಸಿದರೆ ಕಾಲಿಗೆ ತೊಡರುವುದಿಲ್ಲ, ಇಲಿಯ ಬಾಯಿಗೂ ಸಿಗುವುದಿಲ್ಲ. ಕಡಲ ಹತ್ತಿರದ ಮನೆಗಳಲ್ಲಿ ಉಪ್ಪು ಗಾಳಿ ಪ್ಲಗ್ಗಿನ ಲೋಹವನ್ನು ತಿನ್ನುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ತುದಿಗಳನ್ನು ಒರಸಿ ನೋಡುವುದು ಒಳ್ಳೆಯದು. ಹೊಸ ಮನೆ ಕಟ್ಟುವವರು ವೈರಿಂಗಿನ ಹೊತ್ತಿಗೇ ಕಂಪ್ಯೂಟರ್ ಮೂಲೆಯಿಂದ ಟಿವಿ ಗೋಡೆಯವರೆಗೆ ಒಂದು ಖಾಲಿ ಪೈಪು ಹಾಕಿಸಿಟ್ಟರೆ ಮುಂದೆ ಗೋಡೆ ಕೆತ್ತಿಸುವ ಕೆಲಸ ತಪ್ಪುತ್ತದೆ.

ನೋಡುವವರು ಇನ್ನೊಬ್ಬರಾದರೆ ತಂತಿಯಿಲ್ಲದ ದಾರಿಯೇ ಚಂದ. ದೋಹಾದಲ್ಲಿರುವ ಮಗಳ ವೀಡಿಯೊ ಕರೆಯನ್ನು ಚಾವಡಿಯ ಟಿವಿಗೆ ದಾಟಿಸಿದರೆ ಕಣ್ಣು ಮಂಜಾದ ಅಜ್ಜಿಗೂ ಮೊಮ್ಮಗುವಿನ ಮುಖ ಕಾಣುತ್ತದೆ. ಟ್ಯೂಷನ್ನಿಗೆ ಬಂದ ಮಕ್ಕಳು ಒಂದು ಲ್ಯಾಪ್‌ಟಾಪಿನ ಸುತ್ತ ತಲೆ ತೂರಿಸುವುದು ತಪ್ಪುತ್ತದೆ. ಮನೆಯ ನಕ್ಷೆ ಬರೆಯುವ ಎಂಜಿನಿಯರು ಗೋಡೆಯ ದೊಡ್ಡ ಪರದೆಯಲ್ಲಿ ನಕ್ಷೆ ತೋರಿಸಿದರೆ, ದುಡ್ಡು ಹಾಕುವವರಿಗೂ ಅಡುಗೆಮನೆಯಲ್ಲಿ ನಿಂತು ಕೆಲಸ ಮಾಡುವವರಿಗೂ ಒಟ್ಟಿಗೇ ಕಾಣುತ್ತದೆ, ಕಿಟಕಿ ಎಲ್ಲಿರಬೇಕೆಂದು ಇಬ್ಬರೂ ಹೇಳಬಹುದು. ಇಲ್ಲಿ ಹತ್ತನೇ ಒಂದು ಸೆಕೆಂಡಿನ ತಡ ಯಾರಿಗೂ ಲೆಕ್ಕಕ್ಕಿಲ್ಲ. ಎದುರಿನವರಿಗೆ ಕಂಡಿತಲ್ಲ, ಅದೇ ಲಾಭ.

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಇಲ್ಲಿಯೇ. ಎರಡನೇ ಪರದೆಯನ್ನು ನಾವೀಗ ಹೆಚ್ಚು ಕೆಲಸ ಮಾಡುವ ಉಪಾಯ ಎಂದುಕೊಂಡಿದ್ದೇವೆ. ಆದರೆ ಕರ್ನಾಟಕದ ಸಾಮಾನ್ಯ ಜನರಿಗೆ ಎರಡನೇ ಪರದೆ ಬೇರೆಯೇ ರೂಪದಲ್ಲಿ ಬಂದಿತ್ತು. 2001ರ ಸುಮಾರಿಗೆ ರಾಜ್ಯದ ಕಂದಾಯ ಇಲಾಖೆ 'ಭೂಮಿ' ಯೋಜನೆಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳು. ಅಲ್ಲಿಯವರೆಗೆ ಅವು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಹೊಸ ಕೌಂಟರಿನಲ್ಲಿ 15 ರೂಪಾಯಿ ಕಟ್ಟಿದರೆ ಪಹಣಿಯ ಪ್ರತಿ, ಅಂದರೆ ಆರ್‌ಟಿಸಿ ಕೈಗೆ ಬರುತ್ತಿತ್ತು. ಆ ಕೌಂಟರಿನಲ್ಲಿ ಪರದೆ ಎರಡು. ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ. ಒಳಗಿನವರು ಏನು ತೆರೆದರು, ಏನು ಬರೆದರು ಎಂಬುದು ಹೊರಗಿನವರಿಗೂ ಆಗಿಂದಾಗಲೇ ಕಾಣಬೇಕು ಎಂಬುದು ಅದರ ಉದ್ದೇಶ.

ಈ ಕರಾವಳಿಯಲ್ಲಿ ಪಹಣಿ ಬರಿಯ ಕಾಗದವಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ, ಗೇಣಿಗೆ ಗದ್ದೆ ಮಾಡುತ್ತಿದ್ದ ಒಕ್ಕಲುಗಳ ಹೆಸರು ಮೊದಲ ಸಲ ಮಾಲೀಕರ ಕಾಲಮಿನಲ್ಲಿ ಬಂತು. ಆ ಹೆಸರಿನ ಒಂದು ಅಕ್ಷರ ತಪ್ಪಿದರೂ ಬ್ಯಾಂಕಿನ ಸಾಲ, ಪಾಲುಪಟ್ಟಿ, ಮಕ್ಕಳ ಹಕ್ಕು ಎಲ್ಲಕ್ಕೂ ತೊಡಕು. ಕಾಪು ತಾಲೂಕು ಆಗುವ ಮೊದಲು ಪಡುಬಿದ್ರಿಯವರು ತಾಲೂಕು ಕಚೇರಿಯ ಕೆಲಸಕ್ಕೆ ಉಡುಪಿಗೆ ಹೋಗಬೇಕಿತ್ತು. ತಿದ್ದಿಸಲು ಇನ್ನೊಮ್ಮೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋದ ಹಾಗೆ. ಎದುರಿಗೆ ತಿರುಗಿದ ಒಂದು ಪರದೆ ಇದ್ದರೆ, ನಮ್ಮ ಅಪ್ಪನ ಹೆಸರು ಹೀಗಲ್ಲ ಎಂದು ಅಲ್ಲಿಯೇ ಬೆರಳು ಮಾಡಿ ಹೇಳಬಹುದು.

ಆಧಾರ್ ನೋಂದಣಿಯಲ್ಲೂ ಇದೇ ನಿಯಮ. ಅರ್ಜಿದಾರರಿಗೆ ಕಾಣುವ ಹಾಗೆ ಇನ್ನೊಂದು ಮಾನಿಟರ್ ಇಟ್ಟು, ಬರೆದದ್ದನ್ನು ಅವರಿಗೆ ತೋರಿಸಿ ಒಪ್ಪಿಗೆ ಪಡೆದ ಮೇಲೆಯೇ ಮುಗಿಸಬೇಕು. ಆದರೂ ನಮ್ಮ ಊರುಗಳಲ್ಲಿ ಒಂದು ದಾಖಲೆಯಲ್ಲಿ ಪೂಜಾರ್ತಿ, ಇನ್ನೊಂದರಲ್ಲಿ ಪೂಜಾರಿ, ಒಂದರಲ್ಲಿ ಶೆಡ್ತಿ, ಇನ್ನೊಂದರಲ್ಲಿ ಶೆಟ್ಟಿ ಎಂದಾಗಿ ಅಲೆದಾಡುವ ಹೆಂಗಸರನ್ನು ಕಾಣುತ್ತೇವೆ. ಓದಲು ಬಾರದವರಿಗೆ ಪರದೆಯಿದ್ದರೂ ಸಾಲದು, ಅದರಲ್ಲಿರುವುದನ್ನು ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕು. ಪರದೆ ಕನ್ನಡದಲ್ಲಿರಬೇಕು, ಅಕ್ಷರ ದೊಡ್ಡದಿರಬೇಕು. ಇವಿಷ್ಟು ಸೇರಿದಾಗಲೇ ತೋರಿಸಿದ ಹಾಗೆ.

ತೋರಿಸುವುದರಲ್ಲಿ ಒಂದು ವಿವೇಕವೂ ಬೇಕು. ವಿಂಡೋಸ್ ಗುಂಡಿಯ ಜೊತೆ 'ಪಿ' ಒತ್ತಿದರೆ ಕಂಪ್ಯೂಟರ್ ನಮ್ಮ ಎದುರು ಕೆಲವು ಆಯ್ಕೆಗಳನ್ನಿಡುತ್ತದೆ. ಡೂಪ್ಲಿಕೇಟ್ ಎಂದರೆ ನಮ್ಮ ಪರದೆಯಲ್ಲಿ ಕಾಣುವುದೆಲ್ಲ ಅಲ್ಲಿಯೂ ಕಾಣುತ್ತದೆ. ಎಕ್ಸ್‌ಟೆಂಡ್ ಎಂದರೆ ನಾವು ಎಳೆದು ಅಲ್ಲಿಗೆ ಇಟ್ಟದ್ದು ಮಾತ್ರ ಕಾಣುತ್ತದೆ. ಮನೆಯಲ್ಲಿ ಟಿವಿಗೆ ಚಿತ್ರ ದಾಟಿಸುವಾಗ ಹೆಚ್ಚಿನವರು ಡೂಪ್ಲಿಕೇಟ್‌ನಲ್ಲೇ ಬಿಡುತ್ತಾರೆ. ಆಗ ಬ್ಯಾಂಕಿನ ಒಟಿಪಿ, ಗೆಳತಿಯ ವಾಟ್ಸ್ಆ್ಯಪ್ ಸಂದೇಶ, ವೈದ್ಯರ ವರದಿ ಎಲ್ಲವೂ ಚಾವಡಿಯಲ್ಲಿ ಕುಳಿತ ನೆಂಟರ ಎದುರು ಮೂಡಬಹುದು. ಮನೆಯಲ್ಲಿ ಎಕ್ಸ್‌ಟೆಂಡ್ ಒಳ್ಳೆಯದು. ಮನುಷ್ಯನಿಗೆ ತನ್ನದೆಂಬುದೊಂದು ಮರೆ ಇರಬೇಕು. ಜೋಡಿಸುವಾಗ ಪಿನ್ ಕೇಳುವ ಹಾಗೆ ಟಿವಿಯಲ್ಲಿ ವ್ಯವಸ್ಥೆ ಮಾಡಿಟ್ಟುಕೊಂಡರೆ ನೆರೆಮನೆಯ ಚಿತ್ರ ನಮ್ಮಲ್ಲಿಗೆ ಬರುವುದಿಲ್ಲ.

ಸಾರ್ವಜನಿಕ ಕಚೇರಿಯ ಕೌಂಟರಿನಲ್ಲಿ ಮಾತ್ರ ಈ ನಿಯಮ ತಲೆಕೆಳಗಾಗಬೇಕು. ಅಲ್ಲಿ ಅಧಿಕಾರಿ ತೆರೆದಿರುವುದು ಎದುರು ನಿಂತವರದೇ ದಾಖಲೆ. ಅದನ್ನು ಅವರಿಂದಲೇ ಮರೆ ಮಾಡುವುದಕ್ಕೆ ಕಾರಣವಿಲ್ಲ. ಅವರ ಕಡತ ತೆರೆದಷ್ಟು ಹೊತ್ತು ಎರಡೂ ಪರದೆಯಲ್ಲಿ ಒಂದೇ ಚಿತ್ರ ಇರಬೇಕು, ಸಾಲಿನಲ್ಲಿ ಹಿಂದೆ ನಿಂತವರಿಗೆ ಕಾಣದ ಹಾಗೆ ಇಡಬೇಕು ಅಷ್ಟೆ. ಮನೆಯಲ್ಲಿ ಆರಿಸಿ ತೋರಿಸುವುದು ನಮ್ಮ ಹಕ್ಕು, ಕಚೇರಿಯಲ್ಲಿ ಪೂರ್ತಿ ತೋರಿಸುವುದು ಅವರ ಕರ್ತವ್ಯ.

ಆ ಕರ್ತವ್ಯ ನೆರವೇರಿಸುವುದು ಈಗ ಹಿಂದಿಗಿಂತ ಸುಲಭ. ಪಂಚಾಯಿತಿ ಕಚೇರಿ, ಸಹಕಾರಿ ಸಂಘ, ಗ್ರಾಮ ಒನ್ ಕೇಂದ್ರ, ಆಸ್ಪತ್ರೆಯ ಬಿಲ್ಲಿನ ಕಿಟಕಿ ಎಲ್ಲ ಕಡೆ ಕಂಪ್ಯೂಟರ್ ಇದೆ. ಬದಲಾಯಿಸಿದ ಹಳೆಯ ಮಾನಿಟರ್ ಎಲ್ಲೋ ಕಪಾಟಿನಲ್ಲಿ ಬಿದ್ದಿರಬಹುದು. ಕೌಂಟರ್ ಪಕ್ಕದಲ್ಲೇ ಆದರೆ ಒಂದು ಚಿಕ್ಕ ತಂತಿ ಸಾಕು. ಹೊರಗೆ ಬೆಂಚಿನಲ್ಲಿ ಕುಳಿತವರಿಗೆ ಸರದಿಯನ್ನೋ ಯೋಜನೆಗಳ ವಿವರವನ್ನೋ ತೋರಿಸಬೇಕೆಂದರೆ ಒಂದು ಡಾಂಗಲ್ ಸಾಕು. ಕೇಳುವವರು ಬೇಕು. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತು ನಮ್ಮ ಪಂಚಾಯಿತಿಯ ಕೌಂಟರಿನಲ್ಲಿ ಜನರ ಕಡೆಗೊಂದು ಪರದೆ ಇಡಿ ಎಂದು ಕೇಳಲಿ, ಆ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ.